ಹಕ್ಕಿ ಕಾಯುವುದು

ಹೋಳಿ ಹುಣ್ಣಿಮೆ ಕಳೆದು, ಐದನೆಯ ದಿನದ ಶರಣಬಸವೇಶ್ವರರ ತೇರೂ ಮುಗಿದು, ಕಲಬುರಗಿಯಲ್ಲಿ ಇನ್ನು ಏರುವುದೇನಿದ್ದರೂ ಬಿಸಿಲೊಂದೇ ಎನ್ನುವಂತಿದ್ದ ಒಂದು ಬೆಳಗ್ಗೆ ಕಮಲಾಪುರದಿಂದ ಅಕ್ಕನ ಫೋನು ಬಂತು. "ತಮ್ಮಾ, ನಮ್ಮ ತೊಲಿಗಿ ಮರಕುಟಿಗ ಗಂಟ ಬಿದ್ದದ ನೋಡು. ಹೊತ್ತ ಹೊಂಟ್ರ ಸಾಕು, ಟಕ್ಕಟಕ್ಕ ಸುರು. ಮನಿ ಬೀಳಿಸೇ ಹೋಗ್ತದೇನೋ." ದನಿಯಲ್ಲಿ ಸಿಟ್ಟಿಗಿಂತ ಅವಮಾನವೇ ಹೆಚ್ಚಿತ್ತು. ಮೂರು ತಲೆಮಾರಿನ ಮಳೆ ಗಾಳಿಗೆ ಜಗ್ಗದೆ ನಿಂತ ಮಾಳಿಗೆ ಮನೆಗೆ ಗೇಣುದ್ದದ ಹಕ್ಕಿಯೊಂದು ಸವಾಲು ಹಾಕುವುದೆಂದರೇನು?

ಹುಮನಾಬಾದ ರಸ್ತೆಯ ಬಸ್ಸು ಹಿಡಿದು ಹೋಗಿ ನೋಡಿದೆ. ಗೋಡೆಯಿಂದ ಮೊಳದಷ್ಟು ಹೊರಚಾಚಿದ ತೊಲೆಯ ತುದಿಗೆ ಆತ ಅಂಟಿಕೊಂಡಿದ್ದ. ಬೆನ್ನಿಗೆ ಅರಿಸಿನ ಬಳಿದಂಥ ಹೊಂಬಣ್ಣ, ನೆತ್ತಿಯ ಮೇಲೆ ಕೆಂಪು ಜುಟ್ಟು, ಎದೆಯ ತುಂಬ ಕಪ್ಪುಬಿಳುಪಿನ ಗೀರು. ಗಡುಸಾದ ಬಾಲವನ್ನು ಮೂರನೆಯ ಕಾಲಿನಂತೆ ಮರಕ್ಕೆ ಊರಿ, ಎರಡು ಪೆಟ್ಟು ಹಾಕಿ, ಕತ್ತು ಓರೆ ಮಾಡಿ ಸುಮ್ಮನಾಗುತ್ತಿದ್ದ; ಮತ್ತೆ ಎರಡು ಪೆಟ್ಟು. ಎರಡು ಬೆರಳು ತೂರುವಷ್ಟು ತೂತು ಆಗಲೇ ಆಗಿತ್ತು. ಕೆಳಗಿನ ಫರಸಿಯ ಮೇಲೆ ಗೋಧಿ ರವೆಯಂಥ ಮರದ ಪುಡಿ. ನಿಜ ಹೇಳಬೇಕೆಂದರೆ, ಮನೆ ನನ್ನದಲ್ಲವಾದ್ದರಿಂದ ಆ ಕೆಲಸ ನನಗೆ ಬಹಳ ಚೆಂದ ಕಂಡಿತು.

ಓಣಿಯವರ ಸಲಹೆಗಳಿಗೆ ಬರವಿರಲಿಲ್ಲ. ಕವಣೆ ಬೀಸಿರಿ, ಹಳೆಯ ಸೀಡಿ ಕಟ್ಟಿರಿ, ಮಿಣಮಿಣ ಕಾಗದ ತೂಗುಬಿಡಿರಿ, ಅಂಟು ಬಳಿಯಿರಿ. ಅಮೆರಿಕದಲ್ಲಿರುವ ಅಕ್ಕನ ಮಗ ಫೋನಿನಲ್ಲಿ ನಕ್ಕುಬಿಟ್ಟ. ಅಲ್ಲಿ ಮನೆಯ ಹೊರಮೈಯೇ ಹಲಗೆಯದಾದ್ದರಿಂದ ಇದು ಓಣಿ ಓಣಿಯ ದೂರಂತೆ. 1918ರಷ್ಟು ಹಿಂದಿನ ಕಾಯ್ದೆಯೊಂದು ಅಡ್ಡ ನಿಂತಿರುವುದರಿಂದ ಪರವಾನಗಿ ಇಲ್ಲದೆ ಕೊಲ್ಲುವಂತೆಯೂ ಇಲ್ಲವಂತೆ. ಆ ಮಾತಿಗೇ ನನಗೆ 1995ರ ಸುದ್ದಿ ನೆನಪಾಯಿತು. ಹಾರಲು ಸಿದ್ಧವಾಗಿದ್ದ 'ಡಿಸ್ಕವರಿ' ಬಾಹ್ಯಾಕಾಶ ನೌಕೆಯ ಇಂಧನ ತೊಟ್ಟಿಯ ನೊರೆ ಹೊದಿಕೆಗೆ ಮರಕುಟಿಗಗಳು ಸುಮಾರು 200 ತೂತು ಕೊರೆದು, ಉಡಾವಣೆಯನ್ನೇ ಒಂದು ತಿಂಗಳಿಗೂ ಹೆಚ್ಚು ಮುಂದೂಡಿಸಿದ್ದವು. ಭೂಮಿಯನ್ನು ಬಿಟ್ಟು ಹೋಗಬಲ್ಲವರು ಕೊನೆಗೆ ಕಾವಲಿಗೆ ಇಟ್ಟದ್ದು ಪ್ಲಾಸ್ಟಿಕ್ ಗೂಬೆಗಳನ್ನು! ನಮ್ಮ ಹೊಲದ ಬೆದರುಗೊಂಬೆಗೂ ಅದಕ್ಕೂ ಏನು ದೂರ?

ಬಡಿಗೇರರು ಬಂದರು. ಏಣಿ ಹತ್ತಿ, ಉಳಿಯ ಹಿಡಿಯಿಂದ ತೊಲೆಯ ಉದ್ದಕ್ಕೂ ಟಕ್ ಟಕ್ ಎಂದು ಬಡಿಯುತ್ತ, ಪ್ರತಿ ಪೆಟ್ಟಿಗೂ ಕಿವಿ ಓರೆ ಮಾಡುತ್ತ ಸಾಗಿದರು. ಬೆಳಗ್ಗೆ ಆ ಹಕ್ಕಿ ಮಾಡಿದ್ದೂ ಅಕ್ಷರಶಃ ಇದನ್ನೇ. ಗಟ್ಟಿ ಇದ್ದಲ್ಲಿ ಖಣ್ ಎನ್ನುತ್ತಿದ್ದ ಮರ ತುದಿಗೆ ಬಂದಂತೆ ದಬ್ ಎಂದಿತು. "ಅಕ್ಕೋರೆ, ಹಕ್ಕಿ ಬರಾಕಿಂತ ಮೊದ್ಲೇ ಹುಳ ತಿಂದಾವ್ರಿ ಇದನ. ಅದು ಹುಳಕ್ಕ ಬಂದದ, ನಿಮ್ಮ ಮನಿಗಲ್ಲ."

ಇಲ್ಲಿಗೆ ಕಥೆ ಮುಗಿಸಿ, ಹಕ್ಕಿಯನ್ನು ವೈದ್ಯನನ್ನಾಗಿಯೋ ಹಿತವಚನ ಹೇಳಲು ಬಂದ ದೂತನನ್ನಾಗಿಯೋ ಮಾಡಿಬಿಡುವುದು ಸುಲಭ. ಕಂಡ ಕಂಡ ಪ್ರಾಣಿಗಳಿಗೆಲ್ಲ ಗುರುಪಟ್ಟ ಕಟ್ಟುವ ಚಟ ನಮಗೆ ಹಳೆಯದು. ಆದರೆ ಆ ಹಕ್ಕಿಗೆ ಅಕ್ಕನ ತೊಲೆಯ ಚಿಂತೆ ಇರಲಿಲ್ಲ, ಹಸಿವಿತ್ತು ಅಷ್ಟೆ. ಎಷ್ಟೋ ಸಲ ಹಸಿವೂ ಇರುವುದಿಲ್ಲ. ಮರಿ ಮಾಡುವ ಕಾಲ ಬಂದಾಗ ಮರಕುಟಿಗ ಹಾಡುವುದಿಲ್ಲ, ಬಾರಿಸುತ್ತದೆ. 'ಈ ಜಾಗ ನನ್ನದು, ಜೊತೆಗಾತಿ ಬೇಕಾಗಿದ್ದಾಳೆ' ಎಂದು ನಾಲ್ಕು ದಿಕ್ಕಿಗೆ ಸಾರುತ್ತದೆ. ಹೆಚ್ಚು ಸದ್ದು ಕೊಡುವುದಾದರೆ ಒಣ ಕೊಂಬೆಯಾದರೇನು, ತಗಡಿನ ದೋಣಿಯಾದರೇನು? ಮದುವೆಗೆ ಬಾಜಾ ಬಜಂತ್ರಿ ತರಿಸುವ ನಾವು ಅದನ್ನು ಉಪದ್ರವ ಎನ್ನುತ್ತೇವೆ.

ಅಕ್ಕನ ಅಂಗಳದಲ್ಲಿ ಕೂತು ನಾನು ಯೋಚಿಸಿದ್ದು ಒಂದು ಪದದ ಬಗ್ಗೆ. ನಮ್ಮ ಕಡೆ ಹಿಂಗಾರಿ ಜೋಳ ಹಾಲುಗಾಳು ಕಟ್ಟಿ ಸೀತನಿಯ ಹೊತ್ತು ಬಂದಾಗ, ಕವಣೆ ಹಿಡಿದು ಹೊಲಕ್ಕೆ ಹೊರಟವರನ್ನು ಎಲ್ಲಿಗೆಂದು ಕೇಳಿದರೆ "ಹಕ್ಕಿ ಕಾಯ್ಲಾಕ" ಎನ್ನುತ್ತಾರೆ. ಕಾಯುವುದು ಜೋಳವನ್ನು, ಹೆಸರು ಮಾತ್ರ ಹಕ್ಕಿಯದು. ಹಕ್ಕಿಯಿಂದ ಕಾಯುವುದೋ, ಹಕ್ಕಿಯನ್ನು ಕಾಯುವುದೋ? ಮಾತು ಅದನ್ನು ಬಿಡಿಸಿ ಹೇಳುವುದಿಲ್ಲ. ಆ ಗೊಂದಲವನ್ನು ನಿಜ ಮಾಡಿ ತೋರಿಸಿದವರೊಬ್ಬರು ಈ ನೆಲದಲ್ಲೇ ಇದ್ದರು. 1746ರಲ್ಲಿ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಶರಣಬಸವರು ಹೊಲ ಕಾಯಲು ಹೋಗಿ ಹಕ್ಕಿಗಳನ್ನು ಓಡಿಸದೆ, ತಿನ್ನಲು ಬಿಟ್ಟು, ಕುಡಿಯಲು ನೀರನ್ನೂ ಇಟ್ಟರಂತೆ. ರಾಶಿ ಮಾಡಿದಾಗ ಕಾಳು ಕಡಿಮೆಯಾಗಲಿಲ್ಲವಂತೆ. ಈ ಕಥೆ ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ಅಪರೂಪ. ಪವಾಡದ ಭಾಗವನ್ನು ನಾನು ಯಾವತ್ತೂ ಗಟ್ಟಿಯಾಗಿ ಹಿಡಿದವನಲ್ಲ. ಕಾಳು ಕಡಿಮೆಯಾಗಿದ್ದರೂ ಅವರು ಮರುದಿನ ನೀರಿನ ಕೊಡ ಹೊತ್ತು ಹೋಗುತ್ತಿದ್ದರೆ? ಹೋಗುತ್ತಿದ್ದರು ಎಂದೇ ನನ್ನ ನಂಬಿಕೆ. ಆದರೆ ಸುಗ್ಗಿಯ ಕಾಳಿನ ಮೇಲೆಯೇ ವರ್ಷದ ರೊಟ್ಟಿ ನಿಂತಿರುವ ಒಕ್ಕಲಿಗನಿಗೆ ಈ ಕಥೆಯನ್ನು ಉಪದೇಶದಂತೆ ಹೇಳಲು ನನಗೆ ನಾಲಿಗೆ ಏಳುವುದಿಲ್ಲ. ತಿಂಗಳ ಸಂಬಳ ಎಣಿಸುವ ನನ್ನಂಥವನ ಔದಾರ್ಯಕ್ಕೆ ಖರ್ಚೇನಿದೆ?

ಹಾಗೆ ನೋಡಿದರೆ ನಗರದ ನಮಗೆ ಹಕ್ಕಿ ಕಾಯುವ ಕಷ್ಟವೇ ಉಳಿದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಗಳಿಗೆಲ್ಲ ಪಾರಿವಾಳದ ಬಲೆ. ಗೋಡೆ ಸಿಮೆಂಟು, ಕಿಟಕಿ ಅಲ್ಯುಮಿನಿಯಂ; ಕುಟುಕಿದರೆ ಕೊಕ್ಕಿಗೇ ನೋವು. ಕೋಟೆಯ ಕಲ್ಲಿನ ಸಂದುಗಳಲ್ಲಿ ಗಿಳಿಗಳು ಜಗಳಾಡುವುದನ್ನು ನೋಡಲು ಭಾನುವಾರ ಮಕ್ಕಳನ್ನು ಕರೆದೊಯ್ಯುತ್ತೇವೆ. ಶತ್ರುಗಳನ್ನು ತಡೆಯಲೆಂದು ಕಟ್ಟಿದ ಗೋಡೆ ಗಿಳಿಗಳಿಗೆ ಬಾಗಿಲು ತೆರೆದಿದೆ, ಯಾರನ್ನೂ ತಡೆಯಬೇಕಿಲ್ಲದ ನಮ್ಮ ಮನೆಗಳು ಬಲೆ ಹೊದ್ದಿವೆ.

ಅಕ್ಕ ಕೇಳಿದಳು, "ಈಗ ಏನ್ ಮಾಡೂದು?" ಹಾಗೇ ಬಿಡಿ ಎನ್ನಲು ಬರುವುದಿಲ್ಲ, ತೊಲೆ ತೊಲೆಯೇ, ಅದರ ಕೆಳಗೆ ಮಕ್ಕಳು ಮಲಗುತ್ತಾರೆ. ಬಡಿಗೇರರು ತೂತಿನೊಳಗೆ ಬೆರಳಾಡಿಸಿ ಮೊಟ್ಟೆ ಮರಿ ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಹುಳ ಹಿಡಿದ ತುದಿಯನ್ನು ಗೋಡೆಯ ಸಮಕ್ಕೆ ಕೊಯ್ದು, ಉಳಿದ ಮರಕ್ಕೆ ಹುಳದ ಎಣ್ಣೆ ಬಳಿದು, ಮೇಲೊಂದು ತಗಡು ಹೊಡೆದರು. ಕವಣೆ ತಂದಿದ್ದ ಹುಡುಗನಿಗೆ ಅಕ್ಕ ಬಾಳೆಹಣ್ಣು ಕೊಟ್ಟು ಕಳಿಸಿದಳು. ಕಮಲಾಪುರದ ಕೆಂಬಾಳೆ, ಹಾಗಾಗಿ ಅವನಿಗೂ ನಷ್ಟವಾಗಲಿಲ್ಲ.

ಮೂರು ದಿನ ಹಕ್ಕಿ ಬಂದು ತಗಡಿನ ಮೇಲೆ ಬಾರಿಸಿತಂತೆ, ಮೊದಲಿಗಿಂತ ಹತ್ತು ಪಟ್ಟು ಜೋರಾಗಿ. ಅಕ್ಕ ಕಾದಳು. ನಾಲ್ಕನೆಯ ದಿನ ಸದ್ದಿಲ್ಲ. "ಯಾಕೋ ಇವತ್ತ ಹೊತ್ತ ಹೊಂಟಿದ್ದೇ ತಿಳೀಲಿಲ್ಲ ನೋಡು" ಎಂದಳು ಫೋನಿನಲ್ಲಿ.

ಕೊಯ್ದ ತುಂಡನ್ನು ಒಲೆಗೆ ಹಾಕದೆ ಅವಳು ಬೇವಿನ ಬುಡದಲ್ಲಿ ನಿಲ್ಲಿಸಿ, ಮೇಲೊಂದು ಮಣ್ಣಿನ ಬೋಗುಣಿಯಲ್ಲಿ ನೀರಿಟ್ಟಿದ್ದಾಳೆ. ಗುಬ್ಬಿ ಬರುತ್ತವೆ, ಗೊರವಂಕಗಳಂತೂ ಮುಳುಗಿ ಎದ್ದು ನೀರೆಲ್ಲ ಚೆಲ್ಲುತ್ತವೆ. ಮರಕುಟಿಗ ಮಾತ್ರ ಈವರೆಗೆ ಇಳಿದಿಲ್ಲ.