ಧರ್ಮಬೋಧೆ ಮತ್ತು ಧರ್ಮಾಧ್ಯಯನ

ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಕುರಿತು ಅಧ್ಯಯನ ಮಾಡುವುದು ಬೇರೆ ಎಂಬ ಭೇದವನ್ನು ಸುಪ್ರೀಂ ಕೋರ್ಟು 2002ರ ಅರುಣಾ ರಾಯ್ ಪ್ರಕರಣದಲ್ಲಿ ಎತ್ತಿಹಿಡಿದಿದ್ದು, ಸಂಪೂರ್ಣ ಸರ್ಕಾರಿ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಸಂವಿಧಾನದ 28ನೇ ವಿಧಿಯು ನಿಷೇಧಿಸುವುದು ಮೊದಲನೆಯದನ್ನು ಮಾತ್ರ.

ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಈ ಭೇದವು ಕಣ್ಣೆದುರಿಗೇ ಇದೆ. ಕಡಬ ತಾಲ್ಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಆಶ್ಲೇಷಾ ಬಲಿ ನಡೆಸುವ ಪುರೋಹಿತನಿಗೆ ಮಂತ್ರದ ಸ್ವರವೂ ಸೇವೆಯ ಕ್ರಮವೂ ಕರಗತವಾಗಿರಬೇಕು. ಬನದ ನಾಗನಿಗೂ ಗರ್ಭಗುಡಿಯ ಸುಬ್ರಹ್ಮಣ್ಯನಿಗೂ ಇರುವ ನಂಟೇನೆಂದು ಕೇಳುವ ವಿದ್ಯಾರ್ಥಿಗಾದರೋ ಶಾಸನ, ಮಾನವಶಾಸ್ತ್ರ, ಹಾಗೂ ಭೂತಗಳ ಹುಟ್ಟು-ಸಂಚಾರಗಳನ್ನು ಹೇಳುವ ಮೌಖಿಕ ಕಾವ್ಯವಾದ ತುಳು ಪಾಡ್ದನ, ಇವೆಲ್ಲದರ ಪರಿಚಯ ಬೇಕು.

ಬೋಧೆಯ ದಾರಿಯಲ್ಲಿ ಉದ್ಯೋಗವು ನಿಶ್ಚಿತವಾಗಿಯೇ ಕಾಣುತ್ತದೆ: ಆಗಮ, ಅಂದರೆ ದೇವಾಲಯದ ಪೂಜಾಶಾಸ್ತ್ರ, ಕಲಿತವನು ಅರ್ಚಕನಾಗುತ್ತಾನೆ, ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿದವರು ಸಭಾಪಾಲಕರಾಗುತ್ತಾರೆ, ಮಸೀದಿಯ ದರ್ಸ್‌ನಲ್ಲಿ ಕಲಿತವನು ಮದರಸಾದ ಉಸ್ತಾದನಾಗುತ್ತಾನೆ. ಅಧ್ಯಯನದ ದಾರಿ ಅಷ್ಟು ನೇರವಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮ, ಜೈನಶಾಸ್ತ್ರಗಳ ಅಧ್ಯಯನಕ್ಕೆ ಅವಕಾಶವಿದ್ದರೂ ಅಧ್ಯಾಪಕ ಹುದ್ದೆಗಳು ವಿರಳ. ಉಳಿದವರು ಪತ್ರಿಕೋದ್ಯಮ, ವಸ್ತುಸಂಗ್ರಹಾಲಯ, ಆಡಳಿತ ಸೇವೆಗಳತ್ತ ಹೊರಳಬೇಕಾಗುತ್ತದೆ. ಆದರೂ ದೇವಸ್ಥಾನ, ಇಗರ್ಜಿ, ಮಸೀದಿಗಳು ಒಂದೇ ಪೇಟೆಯಲ್ಲಿರುವ ಪುತ್ತೂರಿನಂಥ ಊರಿಗೆ, ನೆರೆಯವನ ನಂಬಿಕೆಯನ್ನು ಅವನ ಗ್ರಂಥದಿಂದಲೇ ಓದಿ ತಿಳಿದ ಪದವೀಧರರು ತುರ್ತಾಗಿ ಬೇಕಾಗಿದ್ದಾರೆ. ಇಲ್ಲಿನ ಪದವಿ ಕಾಲೇಜುಗಳು ಈ ವಿಷಯವನ್ನು ಐಚ್ಛಿಕವಾಗಿಯಾದರೂ ಆರಂಭಿಸಬೇಕು.