ಕುಲಪತಿಯ ಕೀರ್ತಿಯೂ ಕಾರ್ಯವೂ

ಹತ್ತು ಸಾವಿರ ಶಿಷ್ಯರನ್ನು ಅನ್ನವಿಕ್ಕಿ ಪೋಷಿಸಿ ಪಾಠ ಹೇಳುವವನೇ ಕುಲಪತಿಯೆಂದು ಪೂರ್ವಿಕರು ಲಕ್ಷಣ ಹೇಳಿರುವರು. ಅದರಲ್ಲಿ ಕಟ್ಟಡದ ಮಾತಿಲ್ಲ. ಕೀರ್ತಿಯ ಮಾತೂ ಇಲ್ಲ. ಈಗಿನ ವಿಶ್ವವಿದ್ಯಾಲಯದ ಕುಲಪತಿಗೆ ಅನ್ನವಿಕ್ಕುವ ಹೊಣೆಯಿಲ್ಲ, ಪಾಠ ಹೇಳಲು ಪುರಸೊತ್ತಿಲ್ಲ. ಹಾಗಾದರೆ ಆತನು ಸಮರ್ಥನೋ ಅಲ್ಲವೋ ಎಂಬದನ್ನು ಜನರು ಯಾವದರಿಂದ ಅರಿಯಬೇಕು? ಅವರು ಅರಿತದ್ದೇ ನಿಜವೆನ್ನಬಹುದೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕಾಲೇಜುಗಳು ಮೊದಲು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ಅದರ ಕಕ್ಷೆಗೆ ಬಂದವು. ಧಾರವಾಡದ ಮಾತು ಬಂದಲ್ಲಿ ಹಳೆಯ ಮನೆತನಗಳಲ್ಲಿ ಇಂದಿಗೂ ಪಾವಟೆಯವರ ಹೆಸರು ಬರುವದು. ಗೋಕಾಕ ತಾಲೂಕಿನ ಮಮದಾಪುರದಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಗಣಿತದ ರ‍್ಯಾಂಗ್ಲರ್ ಎನಿಸಿಕೊಂಡ ಡಿ. ಸಿ. ಪಾವಟೆಯವರು 1954ರಿಂದ 1967ರ ವರೆಗೆ ಆ ಪೀಠದಲ್ಲಿದ್ದರು. ಛೋಟಾ ಮಹಾಬಳೇಶ್ವರ ಗುಡ್ಡದ ಮೇಲಿನ ಆವರಣವು ರೂಪುಗೊಂಡದ್ದು ಅವರ ಕಾಲದಲ್ಲಿಯೇ. ಅವರ ದಕ್ಷತೆಯ ವಿಷಯದಲ್ಲಿ ಸಂದೇಹವಿಲ್ಲ. ಆದರೆ ಅವರಿಗೆ ಹದಿಮೂರು ವರ್ಷ ದೊರೆಯಿತೆಂಬದನ್ನು ಜನರು ಲೆಕ್ಕಕ್ಕೆ ಹಿಡಿಯುವದಿಲ್ಲ. 2000ನೆಯ ಇಸವಿಯ ರಾಜ್ಯ ಕಾಯಿದೆಯು ಕುಲಪತಿಗೆ ಕೊಟ್ಟದ್ದು ನಾಲ್ಕೇ ವರ್ಷ. ಹದಿಮೂರು ವರ್ಷದ ಮಾವಿನ ಮರದ ಪಕ್ಕದಲ್ಲಿ ನಾಲ್ಕು ವರ್ಷದ ಸಸಿಯನ್ನು ನಿಲ್ಲಿಸಿ ಹಣ್ಣೆಣಿಸುವದು ನ್ಯಾಯವಲ್ಲ.

ಗುಡ್ಡದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವದು ತರ್ಕದ ಮೊದಲ ಪಾಠ. ಮಂಜನ್ನು ಹೊಗೆಯೆಂದು ಭ್ರಮಿಸಬಾರದೆಂಬದು ಎರಡನೆಯದು. ಶಂಕುಸ್ಥಾಪನೆ, ಘಟಿಕೋತ್ಸವ, ಪತ್ರಿಕೆಯಲ್ಲಿ ಬಂದ ಭಾವಚಿತ್ರ—ಇವು ಹೊಗೆಯೂ ಆಗಬಹುದು, ಮಂಜೂ ಆಗಬಹುದು. ಅಯೋಗ್ಯನೊಬ್ಬನ ನೇಮಕಕ್ಕೆ ರುಜು ಹಾಕಲೊಪ್ಪದ ಕುಲಪತಿಯ ಕಾರ್ಯಕ್ಕಾದರೋ ಹೊಗೆಯೇ ಏಳದು. ತಪ್ಪಿಹೋದ ಕೇಡು ಯಾರ ಕಣ್ಣಿಗೂ ಬೀಳುವದಿಲ್ಲ. ಸಿಟ್ಟಾದವರ ಮಾತು ಮಾತ್ರ ಊರೆಲ್ಲ ಹಬ್ಬಿ, ‘ಈತನಿಂದೇನೂ ಆಗದು’ ಎಂಬ ಅಪಕೀರ್ತಿ ಉಳಿಯುವದು.

ಇಷ್ಟರಿಂದ ಜನಾಭಿಪ್ರಾಯವೇ ಬೇಡವೆನ್ನಲಾಗದು. (ಹಾಗೆನ್ನುವ ಚಟ ವಿದ್ವಾಂಸರಲ್ಲಿ ತುಸು ಹೆಚ್ಚು.) ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿದೆ. ಜಲಾಶಯ ತುಂಬಿದೆಯೆಂದು ಅಧಿಕಾರಿಯು ಹೇಳುವದು ಸುಳ್ಳಾಗಿರಲಿಕ್ಕಿಲ್ಲ. ಆದರೆ ಕಾಲುವೆಯ ಕೊನೆಯ ಹೊಲದವನು ನೀರು ಬಂದಿಲ್ಲವೆಂದರೆ ಅವನ ಮಾತೇ ಬಲವಾದ ಪ್ರಮಾಣ. ವಿದ್ಯೆಯ ಕಾಲುವೆಯ ಕೊನೆಯಲ್ಲಿಯೂ ಒಬ್ಬರಿರುವರು: ರಾಮದುರ್ಗದ ಕಡೆಯ ಹಳ್ಳಿಯೊಂದರಲ್ಲಿ, ತನ್ನ ಮನೆಯಲ್ಲಿ ಮೊದಲನೆಯವಳಾಗಿ ಪದವಿ ಓದುವ ಹುಡುಗಿ. ಫಲಿತಾಂಶ ತಡವಾಗಿಯೋ ಅಂಕಪಟ್ಟಿಯಲ್ಲಿ ಹೆಸರು ತಪ್ಪಾಗಿಯೋ ಅರ್ಜಿಯ ಕೊನೆಯ ದಿನ ಮೀರಿದರೆ ಅವಳಿಗೆ ಒಂದು ವರ್ಷ ಹೋಯಿತು. ಎಷ್ಟೋ ಮನೆಗಳಲ್ಲಿ ಆ ಒಂದು ವರ್ಷದೊಳಗೇ ಲಗ್ನ ಗೊತ್ತಾಗಿ ಓದು ನಿಂತುಹೋಗುವದು. ಕುಲಪತಿಯ ಹೆಸರನ್ನು ಅವಳು ಕೇಳಿರಲಿಕ್ಕೂ ಇಲ್ಲ. ಅವಳ ತಂದೆಯು ಕೂಲಿ ಬಿಟ್ಟು, ಬಸ್ಸು ಹತ್ತಿ, ದೂರದ ಕಚೇರಿಯ ಕಿಟಕಿಯ ಮುಂದೆ ನಿಂತು ‘ನಾಳೆ ಬಾ’ ಎನಿಸಿಕೊಂಡು ಮರಳಿದರೆ, ಆ ಮನೆಯ ಮಟ್ಟಿಗೆ ವಿಶ್ವವಿದ್ಯಾಲಯವೆಂದರೆ ಆ ಕಿಟಕಿಯೇ.

ತಪ್ಪು ಗುಮಾಸ್ತನದು, ಹುದ್ದೆಗಳು ಖಾಲಿ ಇವೆ, ಹಣ ಸಾಲದು ಎಂದು ಕುಲಪತಿಯು ಹೇಳಬಹುದು. ಅದೂ ಸುಳ್ಳಲ್ಲ. ಆದರೆ ಶಿಷ್ಯರನ್ನು ಪೋಷಿಸುವವನೆಂಬ ಹೆಸರನ್ನು ಹೊತ್ತ ಮೇಲೆ, ತನ್ನನ್ನು ಹೊಗಳಲೂ ತೆಗಳಲೂ ಬಾರದವರ ಅಭಿಪ್ರಾಯವನ್ನು ತಾನಾಗಿಯೇ ಹೋಗಿ ಕೇಳಬೇಕಾಗುವದು. ಗುರುತು ಹೇಳದೆ, ಒಂದು ಮುಂಜಾನೆ, ಆ ಕಿಟಕಿಯ ಈಚೆಯ ಸಾಲಿನಲ್ಲಿ ನಿಲ್ಲಲು ನಾಲ್ಕು ವರ್ಷದ ಅವಧಿಯೇನೂ ಸಾಲದೆ ಹೋಗದು.