ಬೂದಿಗುಂಡಿಯ ಒಳಗಿದ್ದ ವಿಹಾರ

ಇಂದಿನ ಧಮ್ಮ ಚಿಂತನೆ




ನಮ್ಮ ಶಾಲೆಯ ಹುಡುಗರು ಬಿಡುವಿನ ವೇಳೆಯಲ್ಲಿ ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಬದಲಾಯಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಇಂಥ ಕಾರ್ಡುಗಳದ್ದು ದೊಡ್ಡ ವ್ಯಾಪಾರ. ಪಿಎಸ್‌ಎಯಂಥ ಕಂಪನಿಗಳು ಕಾರ್ಡಿನ ಮೂಲೆ, ಅಂಚು, ಮೇಲ್ಮೈ ಪರೀಕ್ಷಿಸಿ, 10ಕ್ಕೆ ಇಷ್ಟು ಎಂದು ಗ್ರೇಡ್ ಕೊಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡುತ್ತವೆ. ಆದರೂ ನುರಿತ ಸಂಗ್ರಾಹಕರು ಹೊಸಬರಿಗೆ ಹೇಳುವುದು ಒಂದೇ: ಚೀಟಿ ನೋಡಿ ಕೊಳ್ಳಬೇಡ, ಕಾರ್ಡು ನೋಡಿ ಕೊಳ್ಳು. ಹಿಂಬದಿಯ ಸಣ್ಣ ಗೀರಿಗೆ ಅಂಕ ಕಳೆದುಕೊಂಡ ಕಾರ್ಡು ಮುಂದಿನಿಂದ ಕಳೆಕಳೆಯಾಗಿರಬಹುದು.

ಭಗವಾನ್ ಬುದ್ಧರು ಕೇಸಪುತ್ತದ ಕಾಲಾಮರಿಗೆ ತಿಳಿಸಿದ್ದೂ ಇದೇ ದಾರಿ. ಪರಂಪರೆ ಹೇಳಿತೆಂದೋ, ಗ್ರಂಥದಲ್ಲಿದೆಯೆಂದೋ, ಗುರು ಹೇಳಿದನೆಂದೋ ಒಪ್ಪಬೇಡಿ, ನೀವೇ ಅರಿತು ಒಪ್ಪಿ ಎಂದರು.

ನಮ್ಮ ರಾಜಘಟ್ಟವನ್ನೇ ನೋಡಿ. ಊರಿನ ದಿಬ್ಬಕ್ಕೆ ಜನ ಇಟ್ಟ ಹೆಸರು ಬೂದಿಗುಂಡಿ. 2001ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪ್ರೊ. ಎಂ.ಎಸ್. ಕೃಷ್ಣಮೂರ್ತಿಯವರ ತಂಡ ಅಗೆದಾಗ ಅಲ್ಲಿ ಚೈತ್ಯ, ವಿಹಾರ, ಹರಕೆಯ ಪುಟ್ಟ ಮಣ್ಣಿನ ಸ್ತೂಪಗಳು ಸಿಕ್ಕವು. ಹೆಸರನ್ನು ನಂಬಿ ಕೂತಿದ್ದರೆ ಅದು ಇಂದಿಗೂ ಬೂದಿಯೇ.

ಜಾತಿಯೂ ಹೀಗೆ ಸೀಲ್ ಮಾಡಿದ ಡಬ್ಬಿ. ಬಾಬಾಸಾಹೇಬರು ಅದನ್ನು ಶ್ರೇಣೀಕೃತ ಅಸಮಾನತೆ ಎಂದರು. ಕಾರ್ಡಿಗಾದರೂ ಪರೀಕ್ಷಿಸಿ ಗ್ರೇಡ್ ಕೊಡುತ್ತಾರೆ. ನಮಗೆ ಹುಟ್ಟುವ ಮೊದಲೇ ಕೊಟ್ಟಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರೂ ಲಕ್ಷಾಂತರ ಜನರೂ ಆ ಡಬ್ಬಿ ಒಡೆದು ಹೊರಬಂದರು.

ಆದರೆ ಕಣ್ಣಿಗೆ ಚೆಂದ ಕಂಡದ್ದೆಲ್ಲ ಸತ್ಯವೂ ಅಲ್ಲ. ನಕಲಿ ಕಾರ್ಡು ಕೂಡ ಫಳಫಳ ಹೊಳೆಯುತ್ತದೆ. ಅದನ್ನು ಹಿಡಿಯಲು ಬಲ್ಲವರೇ ಬೇಕು. ಅದಕ್ಕೇ ಬುದ್ಧರು ಕಾಲಾಮರಿಗೆ ಇನ್ನೆರಡು ಒರೆಗಲ್ಲು ಕೊಟ್ಟರು: ಬಲ್ಲವರು ಮೆಚ್ಚುವರೇ? ಆಚರಿಸಿದರೆ ಹಿತವಾಗುವುದೇ?

ಈಗ ನಮ್ಮ ಮನೆಯ ಮಾತು. ದೀಕ್ಷೆ ಪಡೆದ ಮನೆಗಳಲ್ಲೂ ಸಂಬಂಧ ಕುದುರಿಸುವಾಗ ಎಡಗೈಯವರೋ, ಬಲಗೈಯವರೋ ಎಂಬ ವಿಚಾರಣೆ ನಡೆಯುತ್ತದೆ. ಅದು ಹಳೆಯ ಚೀಟಿ. ಹುಡುಗಿ ಬೆಳ್ಳಗಿದ್ದಾಳಾ ಎಂದೂ ಕೇಳುತ್ತಾರೆ. ಅದು ಮೋಸಹೋದ ಕಣ್ಣು. ಅವಳ ಶೀಲ, ದುಡಿಮೆ, ಮಾತಿನ ನೇರ ಎರಡರಲ್ಲೂ ಕಾಣುವುದಿಲ್ಲ.

ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಹಿಡಿದು ಬರುವ ಮಗುವಿಗೂ ಇದೇ ಮಾತು. ಅಂಕ ಬೇಕು, ಅದು ಬಾಗಿಲು ತೆರೆಯುತ್ತದೆ. ಆದರೆ ಮಗು ಅಂಕಕ್ಕಿಂತ ದೊಡ್ಡದು.

ಇಂದಿನ ಅಭ್ಯಾಸ: ನೀವು ಈಗಾಗಲೇ ಚೀಟಿ ಅಂಟಿಸಿರುವ ಒಬ್ಬರನ್ನು ನೆನೆಯಿರಿ. ಇವತ್ತು ಅವರೊಡನೆ ಹತ್ತು ನಿಮಿಷ ಮಾತಾಡಿ.

ಭವತು ಸಬ್ಬ ಮಂಗಲಂ.